ಅಪ್ಪ ಇನ್ನೂ ಬೆಂಗಳೂರಿಗೆ ಹೋಗಿ ಬರುತ್ತಾರೆ

ಅಪ್ಪನಿಗೆ ಎಪ್ಪತ್ತಾರು ವರ್ಷ. ತಿಂಗಳಿಗೊಂದು ಸಲ ಕಣ್ಣಿನ ಆಸ್ಪತ್ರೆಗೋ, ಮಾರ್ಕೆಟ್ಟಿಗೋ, ನೆಂಟರ ಮದುವೆಗೋ ಹೊರಡುತ್ತಾರೆ. ಬಿಳಿ ಅಂಗಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು, ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಾ ಒಳಗಿರುವ ಅಮ್ಮನಿಗೆ ಕೂಗಿ ಹೇಳುತ್ತಾರೆ: "ಬೆಂಗ್ಳೂರ್‌ಗೆ ಹೋಗ್ಬತ್ತೀನಿ ಕಣೆ."

ಮೊನ್ನೆ ಏಳನೇ ತರಗತಿ ಓದುವ ನನ್ನ ಮಗ ಅವರನ್ನು ತಡೆದ. "ತಾತ, ನಾವಿರೋದೇ ಬೆಂಗಳೂರಲ್ಲಿ. ನನ್ನ ಐಡಿ ಕಾರ್ಡಲ್ಲೂ ಹಂಗೇ ಐತೆ ನೋಡು."

ಅಪ್ಪ ಕಾರ್ಡನ್ನು ಕೈಗೆ ತೆಗೆದುಕೊಂಡು ನೋಡಿದರು. "ಇದು ಕಾಗ್ದದಲ್ಲಿ ಕಣಪ್ಪ. ಎಲ್ಡ್ ಗಂಟೆ ಬಸ್ಸಲ್ಲಿ ಕೂತ್ಕಂಡು ಹೋಗೋ ಊರು ನಮ್ಮೂರು ಹೆಂಗಾಯ್ತದೆ?"

ಕಾಗದದಲ್ಲಿ ಆಗಿದ್ದು 2007ರ ಜನವರಿಯಲ್ಲಿ. ಆವರೆಗೆ ಬೆಂಗಳೂರು ಮಹಾನಗರ ಪಾಲಿಕೆ ಎಂದರೆ 100 ವಾರ್ಡುಗಳ, ಸುಮಾರು 225 ಚದರ ಕಿಲೋಮೀಟರಿನ ಊರು. ಒಂದು ಅಧಿಸೂಚನೆ ಹೊರಟಿತು. ಯಲಹಂಕ, ದಾಸರಹಳ್ಳಿ, ಬ್ಯಾಟರಾಯನಪುರ, ಕೃಷ್ಣರಾಜಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿ ನಗರ ಎಂಬ ಏಳು ನಗರಸಭೆಗಳು, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿಗಳು ಅದರೊಳಗೆ ಸೇರಿದವು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. ಊರು 700 ಚದರ ಕಿಲೋಮೀಟರ್ ದಾಟಿತು. ವರ್ತೂರು ಹೋಬಳಿಯ ನಮ್ಮ ಹಳ್ಳಿ ಆ 110ರಲ್ಲಿ ಒಂದು. ಆಮೇಲೆ ಎಷ್ಟೋ ವರ್ಷ ಕಡತಗಳಲ್ಲಿ, ಪತ್ರಿಕೆಗಳಲ್ಲಿ ನಮಗೆ ಅದೇ ಹೆಸರಾಯಿತು: "110 ಹಳ್ಳಿ". ನಮ್ಮೂರಿಗೊಂದು ಸ್ವಂತ ಹೆಸರಿದೆ, ದೇವರಿದೆ, ಕೆರೆಯಿದೆ. ನೀರಿನ ವಿಚಾರ ಬಂದಾಗ ಮಾತ್ರ ನಾವು ಒಂದು ಸಂಖ್ಯೆ.

ಆದರೆ ನಗರ ನಮ್ಮ ಹತ್ತಿರ ಬಂದದ್ದು 2007ರಲ್ಲಲ್ಲ. ಅದಕ್ಕೂ ಮೊದಲೇ, ಗಡಿಯ ಗೊಡವೆಯಿಲ್ಲದೆ, ರಾಜಕಾಲುವೆಯಲ್ಲಿ ಬಂದಿತ್ತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರೆಲ್ಲ ಬೆಳ್ಳಂದೂರು ಕೆರೆಗೆ ಇಳಿದು, ಅಲ್ಲಿಂದ ವರ್ತೂರು ಕೆರೆಗೆ ಬಂದು, ಮುಂದೆ ದಕ್ಷಿಣ ಪಿನಾಕಿನಿಗೆ ಸೇರುವುದು ಈ ನೆಲದ ಇಳಿಜಾರು. ಮಳೆ ನೀರು ಹರಿದು ಬರುತ್ತಿದ್ದ ಆ ದಾರಿಯಲ್ಲೇ ನಗರದ ಚರಂಡಿ ನೀರು ಹರಿಯತೊಡಗಿತು. ಕೆರೆ ಬತ್ತುವುದು ನಿಂತು ವರ್ಷಪೂರ್ತಿ ತುಂಬಿರತೊಡಗಿದಾಗ ಮೊದಮೊದಲು ರೈತರಿಗೆ ಖುಷಿಯೇ ಆಗಿತ್ತಂತೆ. ಅಚ್ಚುಕಟ್ಟಿನಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ ತೆಗೆದರು. ಆಮೇಲೆ ಭತ್ತ ಜೊಳ್ಳಾಗತೊಡಗಿತು, ಗದ್ದೆಗಿಳಿದವರ ಕಾಲು ತುರಿಸತೊಡಗಿತು. ಅಪ್ಪ ಭತ್ತ ಬಿಟ್ಟು ಸೊಪ್ಪು ಹಾಕಿದರು, ಸೊಪ್ಪು ಬಿಟ್ಟು ಹಸುಗಳಿಗೆ ಸೀಮೆಹುಲ್ಲು ಹಾಕಿದರು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ನಮಗೆ ಆ ನೊರೆ ಹೊಸದಾಗಿರಲಿಲ್ಲ. ಕೋಡಿಯ ಹತ್ತಿರ ಗಾಳಿ ಬೀಸಿದರೆ ಅದು ಹಾರಿ ಬಂದು ರಸ್ತೆಯಲ್ಲಿ ಹೋಗುವವರ ಮೈಮೇಲೆ ಕೂರುತ್ತಿತ್ತು.

ಹಾಗಾಗಿ ಪಾಲಿಕೆಗೆ ಸೇರುತ್ತೇವೆ ಎಂದಾಗ ಊರಿನಲ್ಲಿ ಯಾರೂ ಅಳಲಿಲ್ಲ. ಕೊಳೆ ನೀರು ಹೇಗೂ ಬಂದಿದೆ, ಇನ್ನು ಕಾವೇರಿ ನೀರೂ ಬರಲಿ ಎಂಬುದೇ ಎಲ್ಲರ ಮಾತು. ನಾನೂ ಹಾಗೇ ಅಂದುಕೊಂಡಿದ್ದೆ. ಅಶ್ವತ್ಥಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಮಾತ್ರ, "ಇನ್ಮೇಲೆ ಯಾರ್‌ನ ಕೇಳೋದು?" ಎಂದಿದ್ದರು. ಆಗ ಆ ಪ್ರಶ್ನೆ ನಮಗೆ ಅರ್ಥವಾಗಲಿಲ್ಲ.

ಅರ್ಥವಾಗಲು ಕೆಲವು ತಿಂಗಳು ಸಾಕಾಯಿತು.

ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. 400 ಜನ ಎಂದರೆ ಎರಡು ಬೀದಿ. ಮೆಂಬರ್ ಬೆಳಗ್ಗೆ ಹಾಲಿನ ಡೈರಿಗೆ ಬರುವಾಗ ಸಿಗುತ್ತಾನೆ, ಸಿಗದಿದ್ದರೆ ಅವನ ಅಮ್ಮ ಸಿಗುತ್ತಾಳೆ, ಅವಳಿಗೆ ಹೇಳಿದರೂ ಕೆಲಸವಾಗುತ್ತದೆ. ನಲ್ಲಿಯಲ್ಲಿ ನೀರು ಬರದಿದ್ದರೆ ವಾಟರ್‌ಮನ್ ಮನೆ ಗೊತ್ತು. ಕಂಬದ ಬಲ್ಬು ಸುಟ್ಟರೆ ಬಿಲ್ ಕಲೆಕ್ಟರ್ ಸೈಕಲ್ ನಿಲ್ಲಿಸಿ ಕೇಳಬಹುದು. ಪಂಚಾಯಿತಿಯನ್ನು ನಾನು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಅಲ್ಲಿ ಮೇಗಲ ಬೀದಿಯವರ ಮಾತೇ ನಡೆಯುತ್ತಿತ್ತು. ಕೆಳಗಿನ ಕೇರಿಯ ಅಕ್ಕ ಒಬ್ಬರು 2005ರ ಚುನಾವಣೆಯಲ್ಲಿ ಮೀಸಲು ಸ್ಥಾನದಿಂದ ಗೆದ್ದು ಬಂದಾಗ ಸಭೆಯಲ್ಲಿ ಎಲ್ಲರ ಸಮಕ್ಕೆ ಕುರ್ಚಿ ಹಾಕಿಸಿಕೊಂಡು ಕೂರಲು ಅವರಿಗೆ ಎರಡು ತಿಂಗಳು ಹಿಡಿಯಿತು. ಕೂತರು. ಕೇರಿಗೆ ಪ್ರತ್ಯೇಕ ಪೈಪ್‌ಲೈನ್ ಬೇಕೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದರು, ಠರಾವು ಬರೆಸಿದರು. ಎರಡು ವರ್ಷ ತುಂಬುವ ಮೊದಲೇ ಪಂಚಾಯಿತಿಯೇ ಇಲ್ಲವಾಯಿತು. ಆ ಠರಾವು ಯಾವ ಪುಸ್ತಕದಲ್ಲಿ ಉಳಿಯಿತೋ.

ಅಕ್ಕನ ಕುರ್ಚಿ ಹೋದ ಮೇಲೆ ಅದರ ಜಾಗಕ್ಕೆ ಯಾರೂ ಬರಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಹೊಸ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಅಂದರೆ ಮೂರು ವರ್ಷ ನಮ್ಮ ಹಳ್ಳಿಗೆ ಪಂಚಾಯಿತಿ ಸದಸ್ಯರೂ ಇಲ್ಲ, ಕಾರ್ಪೊರೇಟರೂ ಇಲ್ಲ. ಎರಡನೇ ಚುನಾವಣೆ 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅಲ್ಲಿಂದ ಇದನ್ನು ಬರೆಯುತ್ತಿರುವ 2025ರ ಕೊನೆಯವರೆಗೂ ಆಡಳಿತಾಧಿಕಾರಿಗಳದೇ ಆಡಳಿತ. ಕೂಡಿಸಿ ನೋಡಿ: ನಗರಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗುತ್ತಾ ಬಂತು, ಅದರಲ್ಲಿ ಹತ್ತಿರ ಹತ್ತಿರ ಎಂಟೂವರೆ ವರ್ಷ ನಮ್ಮೂರಿನ ಪರವಾಗಿ ಮಾತಾಡಲು ನಾವು ಆರಿಸಿದ ಒಬ್ಬರೂ ಇರಲಿಲ್ಲ.

ಇದ್ದಾಗಲಾದರೂ? 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. ವಾರ್ಡುಗಳು 198. ಒಂದು ವಾರ್ಡಿಗೆ ಸರಾಸರಿ 42,000 ಜನ. 400 ಜನಕ್ಕೊಬ್ಬರಿದ್ದ ಜಾಗದಲ್ಲಿ 42,000 ಜನಕ್ಕೊಬ್ಬರು. ಕಾರ್ಪೊರೇಟರ್ ಒಳ್ಳೆಯವರೋ ಕೆಟ್ಟವರೋ, ಅದು ಬೇರೆ ಮಾತು. ಅಷ್ಟು ಜನರ ನಡುವೆ ನಮ್ಮ ಎರಡು ಬೀದಿಯ ನಲ್ಲಿಯ ಸುದ್ದಿ ಅವರ ಕಿವಿಗೆ ಬೀಳುವುದಾದರೂ ಹೇಗೆ? ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲು ಕಲಿತಿದ್ದ ಅಕ್ಕ ಈಗ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸಕ್ಕೆ ಹೋಗುತ್ತಾರೆ. ಆ ಅಪಾರ್ಟ್‌ಮೆಂಟಿಗೆ ಸಂಘವಿದೆ, ವಾಟ್ಸ್ಆ್ಯಪ್ ಗುಂಪಿದೆ, ದೂರು ಬರೆಯಬಲ್ಲವರಿದ್ದಾರೆ. ಅಕ್ಕನ ಕೇರಿಗೆ ಇದ್ದದ್ದು ಗ್ರಾಮಸಭೆ ಒಂದೇ.

ಇನ್ನು ನೀರು. ಕಾವೇರಿ ಐದನೇ ಹಂತವೆಂಬ ಯೋಜನೆ ನಮ್ಮ 110 ಹಳ್ಳಿಗಳಿಗೆಂದೇ ಆದದ್ದು. ಜಪಾನಿನ ಜೈಕಾ ಸಂಸ್ಥೆಯ ಸಾಲ, ದಿನಕ್ಕೆ 775 ದಶಲಕ್ಷ ಲೀಟರ್ ನೀರು, ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಏರಿಸಿ ತರಬೇಕು. ಸಣ್ಣ ಕೆಲಸವಲ್ಲ, ಒಪ್ಪುತ್ತೇನೆ. ಅದು ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಾವು ನಗರವಾದ ಹದಿನೇಳು ವರ್ಷ ಒಂಬತ್ತು ತಿಂಗಳಿಗೆ. 2007ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಪಿಯುಸಿಗೆ ಬಂದಿತ್ತು.

ನಡುವಿನ ಕಾಲವನ್ನು ನಾವು ಕಳೆದದ್ದು ಬೋರ್‌ವೆಲ್‌ನಲ್ಲಿ, ಅದು ಬತ್ತಿದ ಮೇಲೆ ಟ್ಯಾಂಕರಿನಲ್ಲಿ. ಪಂಚಾಯಿತಿ ಕೊರೆಸಿದ್ದ ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ರಿಪೇರಿ ಯಾರದು ಎಂಬುದೇ ತೀರ್ಮಾನವಾಗುತ್ತಿರಲಿಲ್ಲ. ಒಂದು ಕಚೇರಿಗೆ ಹೋದರೆ ಇನ್ನೊಂದು ಕಚೇರಿಯತ್ತ ಕೈ ತೋರಿಸುತ್ತಿದ್ದರು, ಅಲ್ಲಿಗೆ ಹೋದರೆ ಅವರು ಮೊದಲಿನ ಕಚೇರಿಯ ಹೆಸರು ಹೇಳುತ್ತಿದ್ದರು. ಅಮ್ಮನ ಮಂಡಿ ಹೋದದ್ದು ಆ ವರ್ಷಗಳಲ್ಲಿ ಬಿಂದಿಗೆ ಹೊತ್ತು ಎಂದು ಈಗಲೂ ನಾನು ನಂಬುತ್ತೇನೆ. 2024ರ ಬೇಸಿಗೆಯಲ್ಲಂತೂ ಬೆಂಗಳೂರಿನ ಹತ್ತಿರ ಹತ್ತಿರ 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತ ಮಿತಿ ಹಾಕಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಆ ದರಕ್ಕೆ ನಮ್ಮ ಬೀದಿಗೆ ಟ್ಯಾಂಕರ್ ಬಂದದ್ದು ನನಗೆ ನೆನಪಿಲ್ಲ. ಟ್ಯಾಂಕರ್ ಎಲ್ಲಿಂದ ತುಂಬಿಕೊಂಡು ಬರುತ್ತಿತ್ತು ಗೊತ್ತೇ? ನಮ್ಮದೇ ಹಳ್ಳಿಗಳ ಹೊಲಗಳಲ್ಲಿ ಕೊರೆಸಿದ ಬೋರ್‌ವೆಲ್‌ಗಳಿಂದ. ರಾಗಿ, ಅವರೆ ಬೆಳೆಯುತ್ತಿದ್ದ ಹೊಲದ ಕೊನೆಯ ಬೆಳೆ ನೀರು.

ಕಾವೇರಿ ಕೊನೆಗೂ ಈ ವರ್ಷ ನಮ್ಮ ಮನೆಗೆ ಬಂದಳು. ಅಮ್ಮ ಮೊದಲ ಚೊಂಬು ಹಿಡಿದು, ಅರಿಶಿನ ಕುಂಕುಮ ಹಾಕಿ, ತುಳಸಿ ಕಟ್ಟೆಗೆ ಎರೆದರು. ಅವರ ಕಣ್ಣಲ್ಲಿ ನೀರಿತ್ತು. ಪೈಪಿಗೆಂದು ಅಗೆದ ಬೀದಿ ಇನ್ನೂ ಹಾಗೇ ಇದೆ. ಆದರೆ ಆ ದಿನ ಅಮ್ಮನ ಮುಖ ನೋಡಿದವರಿಗೆ, ನಗರಕ್ಕೆ ಸೇರಿದ್ದರಿಂದ ಏನೂ ಆಗಲಿಲ್ಲ ಎಂದು ಹೇಳಲು ಬಾಯಿ ಬರುವುದಿಲ್ಲ.

ಖಾತೆಯ ಕತೆ ಅಪ್ಪನಿಗೆ ಸಂಬಂಧಿಸಿದ್ದು. 1999ರಲ್ಲಿ ನನ್ನ ಸ್ವಂತ ಅಕ್ಕನ ಮದುವೆಗೆಂದು ಅಪ್ಪ ಊರಂಚಿನ ಹದಿನೈದು ಗುಂಟೆ ಮಾರಿದರು. ಕೊಂಡವರು ಅದನ್ನು ರೆವಿನ್ಯೂ ಸೈಟು ಮಾಡಿ ಮಾರಿದರು. ಭೂಪರಿವರ್ತನೆ ಇಲ್ಲ, ಲೇಔಟಿಗೆ ಅನುಮೋದನೆ ಇಲ್ಲ. ಪಂಚಾಯಿತಿ ಖಾತೆ ಮಾಡಿಕೊಟ್ಟಿತು. ಆ ಸೈಟು ಕೊಂಡವರು ಬಸ್ ಕಂಡಕ್ಟರ್, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಮಂಡ್ಯದಿಂದ, ಕೋಲಾರದಿಂದ, ಕಲಬುರಗಿಯಿಂದ ಬಂದವರು. ಒಡವೆ ಅಡವಿಟ್ಟು 30x40 ಕೊಂಡು, ಒಂದೊಂದೇ ರೂಮು ಏರಿಸಿಕೊಂಡವರು. ಗಡಿ ಬಂದ ಮೇಲೆ ಅವರ ಮನೆಗಳೆಲ್ಲ ಬಿ ಖಾತಾ ಪುಸ್ತಕ ಸೇರಿದವು. ತೆರಿಗೆ ಕಟ್ಟಬೇಕು, ಆದರೆ ಕಟ್ಟಿದ್ದರಿಂದ ಹಕ್ಕು ಹುಟ್ಟುವುದಿಲ್ಲ. ನಕ್ಷೆ ಮಂಜೂರಾಗುವುದಿಲ್ಲ, ಬಹಳ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ದಂಡ ಕಟ್ಟಿಸಿಕೊಂಡು ಇಂಥ ಮನೆಗಳನ್ನು ಸಕ್ರಮ ಮಾಡುವ ಅಕ್ರಮ–ಸಕ್ರಮ ಬರುತ್ತದೆ ಎಂದು ಕಾದರು, ಅದಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಮಾರ್ಗಸೂಚಿ ದರದ, ಅಂದರೆ ಸರ್ಕಾರ ಜಾಗಕ್ಕೆ ಗೊತ್ತುಮಾಡಿದ ಬೆಲೆಯ, ಶೇ. 5 ಕಟ್ಟಿದರೆ ಪೂರ್ಣ ಮಾನ್ಯತೆಯ ಎ ಖಾತಾ ಮಾಡಿಕೊಡುವ ಯೋಜನೆ ಬಂತು. ಮಾರ್ಗಸೂಚಿ ದರ ಏರಿರುವುದು ಪಕ್ಕದಲ್ಲಿ ಎದ್ದ ಟೆಕ್ ಪಾರ್ಕುಗಳಿಂದ. ಶೇ. 5 ಕಟ್ಟಬೇಕಾದವನು ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮನುಷ್ಯ.

ಸೈಟು ಕೊಂಡವರು ಕಾಗದ ಪತ್ರ ಹಿಡಿದು ಇವತ್ತಿಗೂ ನಮ್ಮ ಮನೆಗೆ ಬರುತ್ತಾರೆ. ಮೂಲ ಕ್ರಯಪತ್ರ, ಪಹಣಿ, ಮ್ಯುಟೇಶನ್ ಪ್ರತಿ ಇದೆಯಾ ಎಂದು ಕೇಳಲು. ಅಪ್ಪ ಟ್ರಂಕು ತೆಗೆದು ಹುಡುಕಿ ಕೊಡುತ್ತಾರೆ. ಅವರು ಹೋದ ಮೇಲೆ ಜಗಲಿಯಲ್ಲಿ ಸುಮ್ಮನೆ ಕೂರುತ್ತಾರೆ. "ನಾನು ಮಾರಿದ್ದೇ ತಪ್ಪಾಯ್ತೇನೋ" ಎಂದು ಒಂದು ಸಲ ಕೇಳಿದರು. ಮಗಳ ಮದುವೆಗೆ ಹೊಲ ಮಾರಿದ ರೈತನ ಮೇಲೆ, ಮನೆ ಬೇಕೆಂದು ಸೈಟು ಕೊಂಡ ಕಂಡಕ್ಟರ್ ಮೇಲೆ ಹದಿನೆಂಟು ವರ್ಷ ತಪ್ಪಿನ ಭಾರ ಹೇರಿದ್ದು ನನಗೆ ಯಾವತ್ತೂ ಸರಿಕಂಡಿಲ್ಲ. ಕಡಿಮೆ ಸಂಬಳದವರು ಕೊಳ್ಳಬಹುದಾದ, ಕಾನೂನುಬದ್ಧವಾದ ಸೈಟು ಈ ನಗರದಲ್ಲಿ ಆಗ ಎಷ್ಟಿತ್ತು?

ಇಷ್ಟೆಲ್ಲ ಬರೆದ ಮೇಲೆ ಸೋದರತ್ತೆಯ ಊರಿನ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಸರ್ಜಾಪುರ ರಸ್ತೆಯ ಕಡೆ, ನಮ್ಮಿಂದ ಬೈಕಿನಲ್ಲಿ ಇಪ್ಪತ್ತು ನಿಮಿಷ. 2007ರ ಗೆರೆ ಅವರ ಊರನ್ನು ಬಿಟ್ಟು ಹೋಯಿತು, ಇವತ್ತಿಗೂ ಗ್ರಾಮ ಪಂಚಾಯಿತಿ. ಹಾಗೆಂದು ಅಲ್ಲೇನು ಹಳ್ಳಿ ಉಳಿದಿಲ್ಲ. ಹದಿನೆಂಟು ಮಹಡಿಯ ಅಪಾರ್ಟ್‌ಮೆಂಟುಗಳು ನಿಂತಿವೆ, ಒಳಚರಂಡಿ ಇಲ್ಲ, ಕಸ ರಸ್ತೆ ಬದಿಯಲ್ಲಿ ಸುಡುತ್ತದೆ. ಐದಾರು ಸಾವಿರ ಜನಕ್ಕೆಂದು ಇದ್ದ ಪಂಚಾಯಿತಿ ಒಂದು ಸಣ್ಣ ಪಟ್ಟಣವನ್ನು ಹೊತ್ತು ಏದುಸಿರು ಬಿಡುತ್ತಿದೆ. ಕಾವೇರಿ ಅವರಿಗೆ ಇನ್ನೂ ಬಂದಿಲ್ಲ. ಆದರೂ ಅತ್ತೆ ಹೇಳುವುದು: "ನಮ್ ಮೆಂಬ್ರು ಕೈಗೆ ಸಿಗ್ತಾನೆ ಮಗಾ. ಬೈದ್ರೆ ಬೈಸ್ಕತಾನೆ." ಬೈಸಿಕೊಳ್ಳಲು ಒಬ್ಬನಿರುವುದು ಎಷ್ಟು ದೊಡ್ಡದು ಎಂದು ನಮ್ಮೂರಿನವರನ್ನು ಕೇಳಬೇಕು.

ಗೆರೆಯ ಆಚೆ ಈಚೆ ಇನ್ನೊಂದು ವ್ಯತ್ಯಾಸವಿದೆ, ಅದನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಯೆಂದು ಶೇ. 25 ಮೀಸಲು ಇದೆ. ಅತ್ತೆಯ ಮೊಮ್ಮಗಳಿಗೆ ಆ ಪ್ರಮಾಣಪತ್ರ ಸಿಕ್ಕಿತು. ನಮ್ಮ ಅಣ್ಣನ ಮಗಳಿಗೆ ಇಲ್ಲ. ಇಬ್ಬರೂ ಓದಿದ್ದು ಒಂದೇ ಬಗೆಯ ಶೆಡ್ಡಿನ ಸರ್ಕಾರಿ ಶಾಲೆಯಲ್ಲಿ, ಇಬ್ಬರ ಶಾಲೆಗೂ ಇಂಗ್ಲಿಷ್ ಮೇಷ್ಟ್ರು ಸರಿಯಾಗಿ ಬಂದದ್ದಿಲ್ಲ. ಹಾಗೆಯೇ, ಬೆಂಗಳೂರಿನ ಗಡಿಯಿಂದ 18 ಕಿಲೋಮೀಟರ್ ಒಳಗಿನ ಸರ್ಕಾರಿ ಜಮೀನಿನಲ್ಲಿ ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದ, ಸಾಗುವಳಿಯನ್ನು ಸಕ್ರಮ ಮಾಡುವಂತಿಲ್ಲ ಎಂಬ ನಿಯಮವೂ ಇದೆ. ಗಡಿ ಹೊರಕ್ಕೆ ಜರುಗಿದಷ್ಟೂ ಆ ನೆರಳೂ ಜರುಗುತ್ತದೆ. ನಗರಕ್ಕೆ ಸೇರದ ರೈತನ ಹೊಲದ ಮೇಲೂ ನಗರದ ನೆರಳು.

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಗುಂಡುತೋಪು. ಊರ ಬಾಗಿಲಲ್ಲಿ ಹುಣಸೆ, ಹೊಂಗೆ, ನೇರಳೆ, ನಾಲ್ಕು ಹಳೆಯ ಮಾವಿನ ಮರ. ಊರಹಬ್ಬದ ದಿನ ದೂರದ ನೆಂಟರ ಗಾಡಿಗಳು ನಿಲ್ಲುತ್ತಿದ್ದದ್ದು ಅಲ್ಲಿ, ಅಮ್ಮನವರ ಆರತಿ ಹೊರಡುತ್ತಿದ್ದದ್ದು ಅಲ್ಲಿಂದ. ಯಾರ ಸ್ವತ್ತೂ ಅಲ್ಲ, ಊರಿನದು. ಪಂಚಾಯಿತಿ ಇದ್ದಾಗ ಹುಣಸೆ ಫಸಲನ್ನು ಹರಾಜು ಹಾಕುತ್ತಿದ್ದರು, ಹಣ ಹಬ್ಬಕ್ಕೆ. ಹರಾಜಿನ ಪುಸ್ತಕವೇ ಅದು ಊರಿನದು ಎಂಬುದಕ್ಕೆ ಪುರಾವೆ. ಪಂಚಾಯಿತಿ ಮುಚ್ಚಿದಾಗ ಬೀರು, ಮೇಜು, ಪುಸ್ತಕ ಎಲ್ಲ ಒಂದು ಟೆಂಪೋದಲ್ಲಿ ಹೋದವು. ಎರಡು ವರ್ಷದ ನಂತರ ತೋಪಿನ ಒಂದು ಮೂಲೆಗೆ ಯಾರೋ ಕಲ್ಲು ಕಂಬ ನೆಟ್ಟು ತಂತಿ ಎಳೆದರು. ಹಿರಿಯರು ಪುಸ್ತಕ ಹುಡುಕಿಕೊಂಡು ಹೋದರು. ಸಿಗಲಿಲ್ಲ. ಸರ್ವೆ ನಂಬರ್ ಎಷ್ಟೆಂದು ಕೇಳಿದರು. ಯಾರಿಗೂ ಬಾಯಲ್ಲಿ ಬರಲಿಲ್ಲ, ತೋಪಿಗೆ ತೋಪು ಎಂದಷ್ಟೇ ಹೆಸರಿತ್ತು. ಸರ್ವೆ ನಂಬರ್ ಪತ್ತೆಹಚ್ಚಿ ಅರ್ಜಿ ಹಾಕುವ ಹೊತ್ತಿಗೆ ಎರಡು ಮಾವಿನ ಮರ ಇರಲಿಲ್ಲ. ಈಗ ಉಳಿದಿರುವ ತುಂಡಿನಲ್ಲಿ ಕಟ್ಟಡದ ಅವಶೇಷ ಸುರಿಯುತ್ತಾರೆ, ಆರತಿ ಮುಖ್ಯರಸ್ತೆಯ ಬಸ್ ನಿಲ್ದಾಣದಿಂದ ಹೊರಡುತ್ತದೆ.

2025ರ ಸೆಪ್ಟೆಂಬರ್ 2ರಿಂದ ಬೆಂಗಳೂರಿಗೆ ಐದು ನಗರ ಪಾಲಿಕೆ. ಮೇಲೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ನಾವು ಪೂರ್ವ ಪಾಲಿಕೆಗೆ ಸೇರಿದ್ದೇವೆ, ಕೆ.ಆರ್. ಪುರ ಮತ್ತು ಮಹದೇವಪುರ ಕ್ಷೇತ್ರಗಳು ಕೂಡಿದ್ದು. ವಾರ್ಡುಗಳು 198 ಇದ್ದದ್ದು 369 ಆಗಿವೆ, 2011ರ ಲೆಕ್ಕದಲ್ಲಿ ವಾರ್ಡಿಗೆ 23,000 ಜನ. ಇದು ಒಳ್ಳೆಯದೇ ಎನ್ನುತ್ತೇನೆ. 400 ಅಲ್ಲ, ಆದರೆ 42,000ಕ್ಕಿಂತ ಹತ್ತಿರ. ಚುನಾವಣೆಯೊಂದು ನಡೆದುಬಿಡಲಿ. ಅದೇ ಹೊತ್ತಿಗೆ ಸುತ್ತಲಿನ ಪಂಚಾಯಿತಿಗಳನ್ನೂ ಒಳಗೆ ತರುವ ಮಾತು ಎದ್ದಿದೆ. ಬೆಂಗಳೂರು ಎಂಬ ಹೆಸರಂತೂ ಈಗಾಗಲೇ ದೂರ ಹೋಗಿದೆ: ರಾಮನಗರ ಜಿಲ್ಲೆಯೇ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು.

ಹಳ್ಳಿಗಳನ್ನು ಸೇರಿಸಲೇಬಾರದು ಎಂದು ನಾನು ಹೇಳಲಾರೆ. ಅತ್ತೆಯ ಊರಿನ ಕಸದ ಹೊಗೆ ನೋಡಿದ ಮೇಲೆ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಆದರೆ ಪಂಚಾಯಿತಿ ಮುಚ್ಚುವ ದಿನವೇ ಅದರ ಜಾಗಕ್ಕೆ ಆರಿಸಿ ಬಂದವರು ಇರಬೇಕು, ಮೂರು ವರ್ಷ ಬಿಟ್ಟಲ್ಲ. ಬೀದಿ ಮಟ್ಟದಲ್ಲಿ ಜನ ಸೇರಿ ಕೇಳುವ ಸಭೆ ಗ್ರಾಮಸಭೆಯಂತೆ ಕಡ್ಡಾಯವಾಗಿ ನಡೆಯಬೇಕು. ನೀರು ಕೊಡುವ ವರ್ಷ ಯಾವುದೆಂದು ತೆರಿಗೆ ಕೇಳುವ ವರ್ಷವೇ ಬರೆದುಕೊಡಬೇಕು. ಕೆಳಗಿನ ಕೇರಿಯ ಅಕ್ಕನಂಥವರ ಠರಾವುಗಳು ಟೆಂಪೋದಲ್ಲಿ ಕಳೆದುಹೋಗಬಾರದು.

ಹೋದ ವಾರ ಅತ್ತೆ ಫೋನ್ ಮಾಡಿದ್ದರು. "ನಮ್ಮೂರ್ನೂ ಸೇರಿಸ್ತಾರಂತಲ್ಲ ಮಗಾ. ಒಳ್ಳೇದೋ ಕೆಟ್ಟದ್ದೋ? ನೀವು ಕಂಡಿದ್ದೀರಲ್ಲ, ಹೇಳು."

ಏನು ಹೇಳಲಿ ಎಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಆಮೇಲೆ ಹೇಳಿದೆ: "ಅತ್ತೆ, ಅದು ಬರೋವಾಗ ಬರ್ಲಿ. ನೀನು ಮೊದ್ಲು ಒಂದು ನೋಟ್‌ಬುಕ್ ತಗೋ. ನಾಳೇನೇ ಮೆಂಬರ್‌ನ ಕರ್ಕೊಂಡು ಪಂಚಾಯಿತಿಗೆ ಹೋಗು. ಕೆರೆ, ರಾಜಕಾಲುವೆ, ಗುಂಡುತೋಪು, ಗೋಮಾಳ, ಸ್ಮಶಾನ, ಎಲ್ಲದರ ಸರ್ವೆ ನಂಬರ್ ಬರ್ಕೊ. ಎಷ್ಟು ಎಕರೆ, ಎಷ್ಟು ಗುಂಟೆ ಅಂತ ಬರ್ಕೊ. ಠರಾವು ಪುಸ್ತಕ ಪುಟಪುಟಾನೂ ಮೊಬೈಲಲ್ಲಿ ಫೋಟೋ ತೆಗೆಸು. ಬೋರ್‌ವೆಲ್ ಎಲ್ಲೆಲ್ಲಿದೆ, ಯಾವ ವರ್ಷ ಕೊರೆಸಿದ್ದು, ಅದೂ ಬೇಕು. ನಮ್ ಹತ್ರ ಎಲ್ಲೆಲ್ಲಿ ಏನೇನಿದೆ ಅನ್ನೋ ಪಟ್ಟಿ ಐತೆ, ಹೇಳ್ತೀನಿ, ಅದೇ ಥರ ನಿಮ್ಮೂರಿಂದೂ ಬರೆದುಬಿಡು."

"ತಡಿ ಮಗಾ," ಎಂದರು ಅತ್ತೆ. "ಪೆನ್ ತಗೊಂಡ್ಬತ್ತೀನಿ."